ಡ್ರೊಸೆರಾಗೆ ಬೋರ್‌ವೆಲ್ ನೀರು ಇವತ್ತೇ ನಿಲ್ಲಿಸಿ

ಅಕ್ಕ, ನಿಮ್ಮ ಡ್ರೊಸೆರಾ (ಅಂಟೆಲೆಯಿಂದ ಹುಳ ಹಿಡಿದು ತಿನ್ನೋ ಗಿಡ) ಫೋಟೋ ದೊಡ್ಡದು ಮಾಡಿ ನೋಡಿದೆ. ಎಲೆ ಮೇಲೆ ಅಂಟುಹನಿ ಒಂದೂ ಇಲ್ಲ, ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿದೆ. ಎರೆಗೊಬ್ಬರ ಹಾಕಿ ದಿನಾ ಬೋರ್‌ವೆಲ್ ನೀರು ಕೊಟ್ಟರೂ ಸೊರಗ್ತಿದೆ ಅಂತ ಬರೆದಿದ್ದೀರಿ. ಸೊರಗ್ತಿರೋದೇ ಅದರಿಂದ.

ಇದೇ ತಪ್ಪಿಗೆ ನಾನು ಹನ್ನೊಂದು ಬರ್ಮಾನಿ (ಡ್ರೊಸೆರಾದ ಒಂದು ಜಾತಿ) ಕಳ್ಕೊಂಡೆ. ಹಾಕಿದ್ದು ಒಂದೇ ಹಿಡಿ ಎರೆಗೊಬ್ಬರ. ಮೊದಲ ವಾರ ಹನಿ ಹೋಯ್ತು. ಎರಡನೇ ವಾರ ಕೆಂಪೆಲೆ ಅಂಚಿಂದ ಕಪ್ಪಾಯ್ತು, ನಾಣ್ಯದಗಲದ ಗಿಡಗಳನ್ನ ಪಾಚಿ ಮುಚ್ಚಿಬಿಟ್ಟಿತು. ಒಣಗ್ತಿದೆ ಅಂದ್ಕೊಂಡು ಇನ್ನಷ್ಟು ನೀರು ಹೊಯ್ದೆ! ಆಮೇಲೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯೋದು) ತಂದು ಆ ನೀರಿಗೆ ಅದ್ದಿದರೆ 840 ಪಿಪಿಎಂ. ಇದಕ್ಕೆ 50ರ ಒಳಗಿರಬೇಕು.

ನಮ್ಮ ಕರಾವಳಿಯ ಪದವುಗಳಲ್ಲಿ (ಗುಡ್ಡದ ಮೇಲಿನ ಬಯಲು) ಇದರ ಜಾತಿಯವು ಬೆಳೆಯೋದನ್ನ ನೋಡಿದ್ರೆ ಗೊತ್ತಾಗುತ್ತೆ. ಮುರಕಲ್ಲಿನ ಹಾಸು, ಮೇಲೆ ಬೆರಳು ದಪ್ಪ ಮಣ್ಣು, ಮಳೆಗಾಲವಿಡೀ ನೀರು ಜಿನುಗಿ ಸಾರವೆಲ್ಲ ತೊಳೆದುಹೋಗಿರುತ್ತೆ. ಮಣ್ಣಲ್ಲಿ ಸಾರಜನಕ ಸಾಲಲ್ಲ ಅಂತಲೇ ಈ ಗಿಡ ನುಸಿಗಳನ್ನ ಹಿಡಿದು ತಿನ್ನೋದು.

ನನಗೆ ಕೈಹಿಡಿದದ್ದು: ಪೀಟ್ ಮಾಸ್ (ಜೌಗುನೆಲದ ಹಳೇ ಪಾಚಿ, ಗೊಬ್ಬರವಿಲ್ಲದ್ದು) ಅರ್ಧ, ತೊಳೆದ ಸಿಲಿಕಾ ಮರಳು ಅರ್ಧ, ಪ್ಲಾಸ್ಟಿಕ್ ಕುಂಡ, ಕೆಳಗೆ ತಟ್ಟೆಯಲ್ಲಿ ಒಂದು ಸೆಂ.ಮೀ. ಮಳೆನೀರು, ಒಳ್ಳೆ ಬಿಸಿಲು. ಮಿರಾಕಲ್-ಗ್ರೋ ಪೀಟ್‌ಗೆ ಗೊಬ್ಬರ ಬೆರೆಸಿರ್ತಾರೆ, ತರಕಾರಿಗೆ ಸರಿ, ಇದಕ್ಕೆ ಬೇಡ. ಕೋಕೋಪೀಟ್ ಎಷ್ಟು ತೊಳೆದ್ರೂ ಅದರ ಉಪ್ಪಿನ ಮೇಲೆ ನನಗೆ ನಂಬಿಕೆ ಇಲ್ಲ. ಮಳೆನೀರು ಮುಗಿದ್ರೆ ಆರ್‌ಒ ನೀರು ಆಗುತ್ತೆ, ಆದರೆ ಖನಿಜ ಸೇರಿಸೋ ಕಾರ್ಟ್ರಿಜ್ ಇದ್ದರೆ ಅಳೆಯದೆ ಹಾಕಬೇಡಿ.

ಮೇಲಿನ ಕಾಮೆಂಟಲ್ಲಿ ಯಾರೋ ಎಲೆ ಮೇಲೆ ಮಾಂಸದ ಚೂರು ಇಡಿ ಅಂದಿದ್ದಾರೆ. ದಯವಿಟ್ಟು ಇಂಥ ಸಲಹೆ ಕೊಡಬೇಡಿ, ಎಲೆ ಕೊಳೆಯುತ್ತೆ. ಹೊರಗಿಟ್ಟರೆ ಅದಕ್ಕೆ ಬೇಕಾದ ಹುಳ ಅದೇ ಹಿಡ್ಕೊಳ್ಳುತ್ತೆ.

ಹೂ ಬಿಟ್ಟ ಮೇಲೆ ಬೇಸಿಗೆಗೆ ಸತ್ತರೆ ಗಾಬರಿ ಬೇಡ, ಬರ್ಮಾನಿ ಒಂದು ವರ್ಷದ ಗಿಡ. ಪುಟ್ಟ ಬಿಳಿ ಹೂ ಕೆಲವೇ ಗಂಟೆ ಅರಳಿ ತಾನೇ ಬೀಜ ಕಟ್ಟುತ್ತೆ. ಕಾಯಿ ಒಣಗಿದಾಗ ಬಿಳಿ ಹಾಳೆ ಹಿಡಿದು ತಟ್ಟಿ. ಕಪ್ಪು ಪುಡಿಯಂಥ ಬೀಜ ಉದುರುತ್ತೆ, ಒದ್ದೆ ಪೀಟ್ ಮೇಲೆ ಹಾಗೇ ಚೆಲ್ಲಿ. ಮೊಳಕೆಗೆ ಬೆಳಕು ಬೇಕು, ಮುಚ್ಚಬೇಡಿ. ಗೆಡ್ಡೆ ಇರೋ ಇನ್ನೊಂದು ಜಾತಿ ಪೆಲ್ಟಾಟಾ ಇದ್ದರೆ ಲೆಕ್ಕ ಬೇರೆ: ಬೇಸಿಗೆಲಿ ಮಲಗಿದಾಗ ತಟ್ಟೆ ನೀರು ತೆಗೀಬೇಕು, ಇಲ್ಲಾಂದ್ರೆ ಗೆಡ್ಡೆ ಕೊಳೆಯುತ್ತೆ.

ಪದವಿಂದ ಕಿತ್ತು ತರೋದಂತೂ ಬೇಡವೇ ಬೇಡ. ಬೀಜ ನಾನು ಕಳಿಸ್ತೀನಿ.

ಈಗ ನಿಮ್ಮಲ್ಲಿ ಉಳಿದಿರೋ ಎರಡು ಗಿಡನ ಬೇರು ಸಮೇತ ಎತ್ತಿ, ಮಳೆನೀರಲ್ಲಿ ಮೆಲ್ಲಗೆ ಜಾಲಿಸಿ, ಹೊಸ ಪೀಟ್‌ಗೆ ಹಾಕಿ. ನಾಲ್ಕು ದಿನ ನೆರಳಲ್ಲಿರಲಿ. ಹಳೇ ಎಲೆ ಹೋದರೆ ಹೋಗಲಿ, ನಡುವಿನ ಹೊಸ ಎಲೆಯಲ್ಲಿ ಹನಿ ಬಂತಾ ನೋಡಿ.