ಮೂವರೂ ಒಟ್ಟಿಗೆ ಊದುವಾಗ ಹಾಡು ಯಾರದು?

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಜಾಝ್ ಸಭಾಂಗಣವಾದ ಪ್ರಿಸರ್ವೇಶನ್ ಹಾಲ್‌ನ ತಂಡವನ್ನು ಕೇಳುವಾಗ ಟ್ರಂಪೆಟ್, ಕ್ಲಾರಿನೆಟ್, ಟ್ರಾಂಬೋನ್ ಕಲಸಿಹೋಗುತ್ತವೆ, ಯಾವುದನ್ನು ಹಿಂಬಾಲಿಸಲಿ ಎಂದು ಕೇಳಿದ್ದೀರಿ. ಟ್ರಂಪೆಟ್ಟನ್ನು ಹಿಡಿದುಕೊಳ್ಳಿ. ಮೂಲ ಹಾಡು ಸಾಮಾನ್ಯವಾಗಿ ಅದರದೇ. ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಸುತ್ತುತ್ತದೆ. ಟ್ರಾಂಬೋನ್ ಕೆಳಗಿನಿಂದ ಜಾರುತ್ತಾ ಬಂದು ಸಾಲಿನ ಕೊನೆಯ ಖಾಲಿ ಜಾಗ ತುಂಬುತ್ತದೆ. ನಮ್ಮ ಸಂಗೀತ ಕಚೇರಿಯಲ್ಲಿ ಪಿಟೀಲು ಗಾಯಕರನ್ನು ಅನುಸರಿಸುವ ಹಾಗಲ್ಲ, ಮೂವರೂ ಏಕಕಾಲಕ್ಕೆ ಮಾತನಾಡುತ್ತಾರೆ, ಆದರೂ ಜಗಳವಿಲ್ಲ.

ವಾದಕರಲ್ಲಿ ಮೊದಲು ಹಂಫ್ರಿ ಸಹೋದರರನ್ನು ಕೇಳಿ: ಪರ್ಸಿಯದು ಟ್ರಂಪೆಟ್, ವಿಲ್ಲಿಯದು ಕ್ಲಾರಿನೆಟ್. ಒಂದೇ ಮನೆಯವರಾದ್ದರಿಂದಲೋ ಏನೋ, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿತ್ತು. 1961ರಲ್ಲಿ ಶುರುವಾದ ಆ ಸಭಾಂಗಣವನ್ನು ಪತ್ನಿ ಸ್ಯಾಂಡ್ರಾ ಜೊತೆ ನಡೆಸಿದ ಅಲನ್ ಜಾಫಿ ತಾವೇ ಟ್ಯೂಬಾ ಊದುತ್ತಿದ್ದರು. ಈಗ ಮಗ ಬೆನ್ ತಂಡದಲ್ಲಿದ್ದಾರೆ.

ನನಗೆ ಮಾತ್ರ ಪಿಯಾನೋದ ಸ್ವೀಟ್ ಎಮ್ಮಾ ಬ್ಯಾರೆಟ್ ಹೆಚ್ಚು ಇಷ್ಟ. ಕೆಂಪು ಟೋಪಿ, ಕಾಲಿಗೆ ಕಟ್ಟಿಕೊಂಡ ಗಂಟೆಗಳು. ತಾಳ ಹಾಕಿದರೆ ಅವೂ ಕಿಣಿಕಿಣಿ ಎನ್ನುತ್ತಿದ್ದವು. 1967ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತ ಮೇಲೂ ಬಲಗೈಯೊಂದರಲ್ಲೇ ನುಡಿಸಿದರು. ಅವರ 1964ರ ಧ್ವನಿಮುದ್ರಣ ಸಿಕ್ಕರೆ ಇಯರ್‌ಫೋನ್ ಹಾಕಿಕೊಂಡು ಕೇಳಿ.