ಅಳು ನಿಲ್ಲದಿದ್ದರೆ ವಿಶ್ವಾಸ ಕಮ್ಮಿ ಅಂತ ನಿಮಗೆ ಹೇಳಿದವರು ಯಾರು?

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾದರೂ ಅಳು ನಿಲ್ಲುತ್ತಿಲ್ಲ, ಪ್ರಾರ್ಥನೆಗೆ ಕೂತರೆ ಮಾತು ಬರುತ್ತಿಲ್ಲ, ವಿಶ್ವಾಸ ಗಟ್ಟಿಯಾಗಲು ಉಪವಾಸ ಹಿಡಿಯಲಾ, ಬೇರೆ ಸಭೆಗೆ (ಚರ್ಚಿಗೆ) ಹೋಗಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಯಾಕೆ ಅಂತ ಹೇಳಲು ನಮ್ಮ ಮನೆಯ ಕಥೆಯನ್ನೇ ಹೇಳಬೇಕು.

2022ರ ನವೆಂಬರ್‌ನಲ್ಲಿ ನನ್ನ ತಮ್ಮ ಹೋದ. ವಯಸ್ಸು 34. ರಾತ್ರಿ ಊಟ ಆದ ಮೇಲೆ ಎದೆ ಉರಿ ಅಂದವನು ಬೆಳಗಿನ ಜಾವಕ್ಕೆ ಇರಲಿಲ್ಲ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸುವಾಗ ಅಮ್ಮ ಕಿರುಚಿ ಅತ್ತಳು. ಹೊಟ್ಟೆಯೊಳಗಿಂದ ಬಂದ ಕೂಗು ಅದು. ಸಭೆಯವರೆಲ್ಲ ಅವಳನ್ನೇ ನೋಡುತ್ತಿದ್ದರು. ನಾನು ಅವಳ ಭುಜ ಹಿಡಿದು ಕಿವಿಯಲ್ಲಿ, "ಸಾಕಮ್ಮ. ಅವನು ಕರ್ತನ ಹತ್ರ ಇದಾನೆ. ನಾವೇ ಹಿಂಗೆ ಅತ್ರೆ ಹೆಂಗೆ? ನಮಗೆ ನಿರೀಕ್ಷೆ ಇಲ್ವಾ?" ಅಂದೆ.

ಅಮ್ಮ ತಕ್ಷಣ ನಿಲ್ಲಿಸಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಅವತ್ತಿನಿಂದ ಬಹಳ ಕಾಲ ನನ್ನೆದುರು ಅವಳು ಅಳಲಿಲ್ಲ.

ನನ್ನ ತಪ್ಪು ಆ ಒಂದು ಮಾತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನೇ ಹೇಳಿದ್ದು. ಸತ್ಯವೇದದಲ್ಲಿ (ಬೈಬಲ್‌ನಲ್ಲಿ), ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಅನ್ನುತ್ತಾನೆ. ನಾನು "ಹಾಗೆ" ಅನ್ನೋದನ್ನು ಬಿಟ್ಟು "ದುಃಖಿಸಬೇಡಿ" ಅನ್ನೋದನ್ನಷ್ಟೇ ಇಟ್ಟುಕೊಂಡಿದ್ದೆ. ಇನ್ನೂ ನಿಜ ಹೇಳಬೇಕೆಂದರೆ, ಅಮ್ಮ ಅತ್ತರೆ ನಾನೂ ಕುಸಿದುಬೀಳುತ್ತಿದ್ದೆ. ಆ ಭಯಕ್ಕೆ ದೇವರ ವಾಕ್ಯ ತಂದು ಅವಳ ಬಾಯಿಗೆ ಚಿಲಕ ಹಾಕಿದೆ. ಅವಳ ಎದೆಯಲ್ಲಿ ಏನಿದೆ ಅಂತ ನಾನು ಯೋಚನೆಯನ್ನೇ ಮಾಡಲಿಲ್ಲ.

ಆಮೇಲೆ ಏನಾಯ್ತು ನೋಡಿ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ. ಒಂದು ಚೊಂಬು ನೀರು ಚೆಲ್ಲಿದರೂ ಬೈಯುತ್ತಿದ್ದವಳು, ಬಚ್ಚಲಿನಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟುಕೊಂಡು ಕೂರತೊಡಗಿದಳು. ಬಕೆಟ್ ತುಂಬಿ ಹರಿದು ನೀರು ಬಾಗಿಲ ಸಂದಿಯಿಂದ ಹೊರಗೆ ಬರೋದು. ನಾನು ಅಡುಗೆಮನೆಯಿಂದಲೇ "ಅಮ್ಮ, ನಲ್ಲಿ ನಿಲ್ಸು" ಅಂತ ಕೂಗುತ್ತಿದ್ದೆ. ವಯಸ್ಸಾಯ್ತು, ಮರೆವು ಅಂದುಕೊಂಡೆ. ಅಳುವಿನ ಸದ್ದು ನನಗೆ ಕೇಳಿಸದಿರಲಿ ಅಂತ ನೀರು ಬಿಟ್ಟುಕೊಳ್ಳುತ್ತಿದ್ದಾಳೆ ಅಂತ ಒಂದು ವರ್ಷ ಹೊಳೆಯಲೇ ಇಲ್ಲ.

2024ರ ಶುರುವಿನಲ್ಲಿ ಅವಳ ಬಿಪಿ ಮಾತ್ರೆಯ ಚೀಟಿ ಹುಡುಕುತ್ತಾ ಅವಳ ಸತ್ಯವೇದ ತೆಗೆದೆ. ಅದರೊಳಗಿನ ಕೀರ್ತನೆಗಳ (ಹಾಡಿನ ರೂಪದ ಪ್ರಾರ್ಥನೆಗಳ) ನಡುವೆ ಪಿಂಕ್ ಟಿಕೆಟ್‌ಗಳ ಕಟ್ಟು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ಕೊಡುವ, ದುಡ್ಡಿಲ್ಲದ ಟಿಕೆಟ್. ಅಂಚು ಮಡಚಿಕೊಂಡು, ಕೆಲವು ಅಕ್ಷರ ಅಳಿಸಿಹೋಗಿ, ನಲವತ್ತಕ್ಕೂ ಹೆಚ್ಚಿದ್ದವು. ಮಂಗಳವಾರ ಸ್ತ್ರೀಯರ ಕೂಟಕ್ಕೆ ಹೋಗ್ತೀನಿ ಅಂತ ಹೊರಡುತ್ತಿದ್ದವಳು ಮಾರ್ಕೆಟ್‌ನಲ್ಲಿ ಬಸ್ ಬದಲಿಸಿ ಸ್ಮಶಾನಕ್ಕೆ ಹೋಗಿ ಬರುತ್ತಿದ್ದಳು. ಒಬ್ಬಳೇ. ಕೇಳಿದ್ದಕ್ಕೆ, "ಅಲ್ಲಿ ಯಾರೂ ಸಾಕು ಅನ್ನಲ್ಲ ಕಣೇ" ಅಂದಳು.

ಆ ಟಿಕೆಟ್‌ಗಳು ಇದ್ದದ್ದು 88ನೇ ಕೀರ್ತನೆಯಲ್ಲಿ. ದಯವಿಟ್ಟು ಇವತ್ತೇ ಓದಿ. ಹಗಲೂ ರಾತ್ರಿ ಮೊರೆಯಿಟ್ಟೆ, ಯಾಕೆ ನನಗೆ ಮುಖ ಮರೆಮಾಡಿದ್ದೀ ಅಂತ ದೇವರನ್ನೇ ಕೇಳುವ ಕೀರ್ತನೆ. ಗೋಳಿಡುವ ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಸತ್ಯವೇದದಿಂದ ಕಿತ್ತುಹಾಕಲಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇಂಥ ಗೋಳೇ. ನಿಮ್ಮ ಅಳು ಪ್ರಾರ್ಥನೆ ಅಲ್ಲ ಅನ್ನೋದಾದರೆ ಇವೂ ಅಲ್ಲ.

ಬೇಥಾನ್ಯ ಅನ್ನೋ ಊರಿನಲ್ಲಿ ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿತ್ತು. ಅವನ ಸಹೋದರಿಯರಾದ ಮಾರ್ಥ, ಮರಿಯ ಇಬ್ಬರೂ ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ. ನೇರವಾದ ದೂರು. ಆತ ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಕಣ್ಣೀರು ಬಿಟ್ಟ. ನನಗೆ ಸಮಾಧಾನ ಸಿಕ್ಕಿದ್ದು ಇಲ್ಲಿ. ಪುನರುತ್ಥಾನ ಗೊತ್ತಿದ್ದವನೇ ಅತ್ತ ಮೇಲೆ, ಸಮಾಧಿಯ ಅಂಚಿನಲ್ಲಿ ಅಮ್ಮನಿಗೆ ಸಾಕು ಅನ್ನಲು ನಾನ್ಯಾರು?

"ಎಲ್ಲಾ ದೇವರ ಚಿತ್ತ" ಅನ್ನುವವರು ನಿಮ್ಮ ಮನೆಗೂ ಬರುತ್ತಿರಬಹುದು. ಸತ್ಯವೇದದಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಬಾಯಿಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ದೇವರ ಪರವಾಗಿ ಪುಟಗಟ್ಟಲೆ ವಾದ ಮಾಡಿದರು. ಕೊನೆಗೆ ದೇವರು ಕೋಪಗೊಂಡದ್ದು ಅವರ ಮೇಲೆ, ಜಗಳ ಆಡಿದ ಯೋಬನ ಮೇಲಲ್ಲ.

ಹಾಗಾಗಿ ಉಪವಾಸ ಬೇಡ. ಹೊಟ್ಟೆಗೆ ಹೊತ್ತುಹೊತ್ತಿಗೆ ತಿನ್ನಿ. ಸಭೆ ಬದಲಿಸುವುದೂ ಬೇಡ, ಈಗಿರುವಲ್ಲೇ ಹಿಂದಿನ ಬೆಂಚಿನಲ್ಲಿ ಕೂರಿ. ಪ್ರಾರ್ಥನೆಗೆ ಮಾತು ಬರದಿದ್ದರೆ ಸುಮ್ಮನೆ ಇರಿ, ಪಕ್ಕದವರು ನಿಮ್ಮ ಪಾಲಿನದನ್ನೂ ಹೇಳುತ್ತಾರೆ. ನನ್ನ ಮಟ್ಟಿಗೆ ಸಭೆ ಇರುವುದೇ ಅದಕ್ಕೆ. ನಿದ್ದೆ ಪೂರ್ತಿ ಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಪಾಸ್ಟರ್‌ಗೆ ಮಾತ್ರ ಹೇಳಿ ಬಿಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅದು ಅವಿಶ್ವಾಸ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಮಂಗಳವಾರ ಸಾಧ್ಯವಾದಾಗಲೆಲ್ಲ ರಜೆ ಹಾಕಿ ನಾನೂ ಅಮ್ಮನ ಜೊತೆ ಹೋಗುತ್ತೇನೆ. ಮೇಣದಬತ್ತಿ ಹಚ್ಚಿ ಪರಲೋಕದ ತಂದೆಯ ಪ್ರಾರ್ಥನೆ ಶುರು ಮಾಡುತ್ತೇವೆ. "ನಿನ್ನ ಚಿತ್ತವು ನೆರವೇರಲಿ" ಅನ್ನುವಲ್ಲಿಗೆ ಬಂದಾಗ ಅಮ್ಮನ ದನಿ ನಿಂತುಹೋಗುತ್ತದೆ. ಆ ಸಾಲು ನಾನೊಬ್ಬಳೇ ಹೇಳುತ್ತೇನೆ, "ನಮ್ಮ ಅನುದಿನದ ಆಹಾರ" ಅನ್ನುವಾಗ ಅವಳು ಮತ್ತೆ ಸೇರಿಕೊಳ್ಳುತ್ತಾಳೆ. ಕೆಲವು ವಾರ ಆ ಸಾಲು ನನಗೂ ಬರುವುದಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅತ್ತು, ಆಮೇಲೆ ಮುಂದಿನ ಸಾಲಿಗೆ ಹೋಗುತ್ತೇವೆ.