ತಾಯಿಹಂದಿ ಮರಿಗಳ ಮೇಲೆ ಮಲಗಿ ಸಾಯಿಸುತ್ತಿದೆ. ಹುಟ್ಟಿದ ಕೂಡಲೇ ಬೇರೆ ಮಾಡಿ ಬಾಟಲಿ ಹಾಲು ಕೊಡಬಹುದಾ?

ಬೇಡ. ಬಾಟಲಿ ವಿಚಾರ ಬಿಟ್ಟುಬಿಡಿ. ನಿಮ್ಮ ಹಂದಿ ಕೆಟ್ಟ ತಾಯಿಯೂ ಅಲ್ಲ. ಮರಿಗಳು ಶಾಖ ಹುಡುಕಿಕೊಂಡು ಅದರ ಮೈ ಕೆಳಗೆ ಹೋಗುತ್ತಿವೆ, ಅಷ್ಟೇ.

ನಾವು ಸೋಮವಾರಪೇಟೆ ಕಡೆಯವರು. ನಮ್ಮ ಯಾರ್ಕ್‌ಶೈರ್ ಹಂದಿ ಮೊದಲ ಸಲ ಮರಿ ಹಾಕಿದ್ದು ಜುಲೈ ಮಳೆಯಲ್ಲಿ. ಮರಿಗಳಿಗೆ ಬೆಚ್ಚಗಿರಬೇಕು ಅಂತ ಎಲ್ಲರೂ ಹೇಳಿದ್ದರು. ನಾನು ಶೆಡ್ಡಿನ ಸುತ್ತ ಟಾರ್ಪಾಲು ಬಿಗಿದು, ಸರಿಯಾಗಿ ತಾಯಿ ಮಲಗುವ ಜಾಗದ ಮೇಲೆ 250 ವ್ಯಾಟಿನ ಕೆಂಪು ಬಲ್ಬು ನೇತುಹಾಕಿದೆ. ಅದರ ಕೆಳಗೆ ನಿಂತರೆ ನನಗೇ ಬೆವರು. ಉಳಿದ ಕಡೆ ಸಿಮೆಂಟ್ ನೆಲ ಕೊರೆಯುತ್ತಿತ್ತು.

ಆಗ ತಾನೇ ಹುಟ್ಟಿದ ಮರಿಗೆ 32ರಿಂದ 35 ಡಿಗ್ರಿ ಶಾಖ ಬೇಕು. ತಾಯಿಗೆ 20ರ ಆಸುಪಾಸು ಸಾಕು. ಹಂದಿ ನಮ್ಮ ಹಾಗೆ ಬೆವರುವುದಿಲ್ಲ. ಬಲ್ಬಿನ ಕೆಳಗೆ ಅದು ಏದುಸಿರು ಬಿಡುತ್ತಾ ಏಳುವುದು, ಮತ್ತೆ ದೊಪ್ಪನೆ ಬೀಳುವುದು, ಇದೇ ಆಯಿತು. ಮೇವು ಬಿಟ್ಟಿತು, ಹಾಲು ಕಮ್ಮಿಯಾಯಿತು. ಹೊಟ್ಟೆ ತುಂಬದ ಮರಿಗಳು ಮೊಲೆ ಹತ್ತಿರವೇ ಬಿದ್ದುಕೊಂಡವು. ಶಾಖವೂ ಅಲ್ಲೇ, ಹಾಲೂ ಅಲ್ಲೇ, ಇನ್ನೆಲ್ಲಿಗೆ ಹೋಗುತ್ತವೆ? ಬೆಳಿಗ್ಗೆ ನೋಡಿದರೆ ಅದರ ಬೆನ್ನಿಗೂ ಗೋಡೆಗೂ ನಡುವೆ ಮರಿಗಳು ಅಪ್ಪಚ್ಚಿ. ವಾರದೊಳಗೆ ಅರ್ಧಕ್ಕರ್ಧ ಹೋದವು. ಅದೇ ಬಲ್ಬನ್ನು ಮೂಲೆಗೆ ಕಟ್ಟಿದ್ದರೆ ಉಳಿಯುತ್ತಿದ್ದವು. ಒಂದೇ ಗೂಡಿನಲ್ಲಿ ಎರಡು ಹವೆ ಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಈಗ ಮೂಲೆಯಲ್ಲಿ ಹಲಗೆಯ ಪೆಟ್ಟಿಗೆ ಇಟ್ಟಿದ್ದೇನೆ. ಮರಿ ಮಾತ್ರ ನುಗ್ಗುವಷ್ಟು ಕಂಡಿ, ಅದಕ್ಕೆ ಗೋಣಿಚೀಲದ ಪರದೆ, ಒಳಗೆ ಒಣಹುಲ್ಲು. ಕರೆಂಟ್ ಹೋದರೂ ಮರಿಗಳ ಮೈಶಾಖ ಒಂದಷ್ಟು ಹೊತ್ತು ನಿಲ್ಲುತ್ತದೆ. ಪೆಟ್ಟಿಗೆಯ ಬಲ್ಬನ್ನು ಸರಪಳಿಯಲ್ಲೇ ಕಟ್ಟಿ, ಕಳಚಿ ಬಿದ್ದರೆ ಕೆಳಗಿನ ಹುಲ್ಲಿಗೆ ಬೆಂಕಿ ಹತ್ತುತ್ತದೆ ಅಲ್ವಾ. ಮೊದಲ ದಿನ ಹಾಲು ಕುಡಿದ ಮರಿಗಳನ್ನು ನೀವೇ ಎತ್ತಿ ಒಳಗೆ ಬಿಡಿ. ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದರೆ ಚಳಿ, ಬಲ್ಬಿನಿಂದ ದೂರ ಸರಿದಿದ್ದರೆ ಸೆಕೆ, ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ತಾಯಿ ಮಲಗುವ ಕಡೆ ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಒಂದು ಗೇಣು ಎತ್ತರಕ್ಕೆ ಅಡ್ಡ ಪೈಪು ಹಾಕಿಸಿ. ತಾಯಿ ಒರಗಿದರೂ ಮರಿ ನುಸುಳಿಕೊಳ್ಳಲು ಜಾಗ ಇರುತ್ತದೆ.

ಬಾಟಲಿ ಯಾಕೆ ಬೇಡ ಅಂದರೆ, ಮರಿಗೆ ರೋಗ ತಡೆಯುವ ಶಕ್ತಿ ಬರುವುದು ಗಿಣ್ಣು ಹಾಲಿನಿಂದ. ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಕುಡಿಯಬೇಕು. ಒಂದು ದಿನ ದಾಟಿದ ಮೇಲೆ ಎಷ್ಟು ಕುಡಿದರೂ ಆ ಶಕ್ತಿ ಮೈಗೆ ಹತ್ತುವುದಿಲ್ಲ. ಸಣ್ಣ ಮರಿಯನ್ನು ಮುಂದಿನ ಮೊಲೆಗೆ ಹಿಡಿಸಿ, ಹಾಲು ಅಲ್ಲೇ ಜಾಸ್ತಿ.

ಮೂರನೇ ದಿನ ಪ್ರತಿ ಮರಿಗೂ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ಕೊಡಿಸಿ. ಹಂದಿ ಹಾಲಿನಲ್ಲಿ ಅದು ತೀರಾ ಕಮ್ಮಿ, ಸಿಮೆಂಟ್ ನೆಲದಲ್ಲಿ ಕೆದಕಲು ಮಣ್ಣೂ ಇಲ್ಲ. ಹತ್ತು ದಿನಕ್ಕೆ ಮರಿ ಮೇವು ಒಂದೊಂದು ಹಿಡಿ ಇಡಲು ಶುರುಮಾಡಿ.

ತಿಂಗಳಿಗೇ ಹಾಲು ಬಿಡಿಸಿ ಅನ್ನುವವರಿದ್ದಾರೆ. ಅದು ದೊಡ್ಡ ಫಾರಂಗಳ ಲೆಕ್ಕ, ನಮ್ಮಂಥವರಿಗೆ ಆರರಿಂದ ಎಂಟು ವಾರವೇ ಸರಿ. ಬಿಡಿಸುವ ದಿನ ತಾಯಿಯನ್ನು ಆಚೆ ಒಯ್ಯಿರಿ, ಮರಿಗಳು ಅದೇ ಗೂಡಿನಲ್ಲಿರಲಿ. ಆ ವಾರ ಮೇವು ಬದಲಿಸಬೇಡಿ.